ಅಪ್ಪನ ಮಂಕುತನಕ್ಕೆ ಇಂಜೆಕ್ಷನ್ನೂ ಕಾರಣ ಇರಬಹುದು

ತೀರ್ಥಹಳ್ಳಿಯಲ್ಲಿರುವ ನಿಮ್ಮ ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮೂರು ತಿಂಗಳಿಗೊಮ್ಮೆ ಲ್ಯುಪ್ರೊಲೈಡ್ ಇಂಜೆಕ್ಷನ್ ಕೊಡಿಸ್ತಿದ್ದೀರಿ. ಅಡಿಕೆ ಕೊನೆಕೊಯ್ಲಿನ ದಿನವೂ ಅವರು ತೋಟಕ್ಕೆ ಇಳಿಯಲಿಲ್ಲ, ಈ ಮಂಕು ವಯಸ್ಸಿಂದಲೋ ಔಷಧಿಯಿಂದಲೋ ಅಂತ ಕೇಳಿದ್ದೀರಿ. ದಯವಿಟ್ಟು ವಯಸ್ಸಾಯ್ತು ಅಂತ ಸುಮ್ಮನಾಗಬೇಡಿ. ಖಿನ್ನತೆ ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಹೋಗುವ ಸೂಚನೆಯನ್ನೇ ಇದು ತಡೆಯುತ್ತೆ. ಕೆಲವೇ ವಾರಗಳಲ್ಲಿ ಗಂಡಸರ ಹಾರ್ಮೋನಾದ ಟೆಸ್ಟೊಸ್ಟಿರೋನ್ ತಳ ಮುಟ್ಟುತ್ತೆ. ಆ ಹಾರ್ಮೋನಿನ ಬಲದಿಂದ ಕ್ಯಾನ್ಸರ್ ಬೆಳೆಯದಿರಲಿ ಅಂತಲೇ ಹಾಗೆ ಮಾಡೋದು, ಆದರೆ ಜೊತೆಗೆ ಉತ್ಸಾಹ, ನಿದ್ದೆ, ಮೈಬಲವೂ ಕುಗ್ಗಬಹುದು. ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ಸುರಿಯೋ ಮಳೆಗಾಲದ ರಾತ್ರೀಲೂ ಮೈಯೆಲ್ಲ ಬಿಸಿಯೇರಿ, ಬೆವರಿ, ಕಂಬಳಿ ಒದ್ದು ಜಗಲಿಗೆ ಬಂದು ಕೂರೋರು. ಎಲೆ-ಅಡಿಕೆ ತಟ್ಟೆ ಮುಂದಿಟ್ಟರೂ ಮುಟ್ಟುತ್ತಿರಲಿಲ್ಲ. ಏನಾಯ್ತು ಅಂದರೆ 'ಏನಿಲ್ಲ ಮಾರಾಯ' ಅಷ್ಟೇ.

ಹಾಗಂತ ನೀವಾಗೇ ಇಂಜೆಕ್ಷನ್ ತಪ್ಪಿಸಬೇಡಿ. ನಿಲ್ಲಿಸಿದರೂ ಹಾರ್ಮೋನು ಮರಳೋಕೆ ತಿಂಗಳುಗಟ್ಟಲೆ ಬೇಕು, ಮರಳಿದರೆ ಕ್ಯಾನ್ಸರ್ ಮತ್ತೆ ಬೆಳೆಯಬಹುದು. ಮಂಕು ಯಾವಾಗ ಶುರುವಾಯ್ತು, ನಿದ್ದೆ ಊಟ ಹೇಗಿದೆ ಅಂತ ಚೀಟೀಲಿ ಬರೆದು ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ. ಕೆಲವರಿಗೆ ಬಿಡುವು ಕೊಟ್ಟು ಕೊಟ್ಟು ಚಿಕಿತ್ಸೆ ಮಾಡ್ತಾರೆ, ನಿಮ್ಮ ತಂದೆಗೆ ಆಗುತ್ತಾ ಅಂತ ಕೇಳಿ. ಖಿನ್ನತೆಗೂ ಮೈಬಿಸಿಗೂ ಎರಡಕ್ಕೂ ಆಗುವ ವೆನ್ಲಾಫಾಕ್ಸಿನ್‌ನಂಥ ಮಾತ್ರೆಗಳಿವೆ, ಬಿ.ಪಿ. ನೋಡಿಕೊಂಡು ಕೊಡ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗ್ತಾರೆ. ದಿನಾ ಸಂಜೆ ತೋಟದ ತನಕ ನೀವೇ ಜೊತೆಗೆ ನಡೆಸಿಕೊಂಡು ಹೋಗಿ, ನಡಿಗೆಯಿಂದ ನಿಜಕ್ಕೂ ಗುಣ ಇದೆ.

'ಸತ್ತರೇ ವಾಸಿ' ಅನ್ನೋ ಮಾತೇನಾದರೂ ಬಂದರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ. ಮೈಲುತುತ್ತ, ಕಳೆನಾಶಕ ಎಲ್ಲಕ್ಕೂ ಬೀಗ ಹಾಕಿ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.