ಪರದೆಯ ಮೇಲಿನ ಪಾಠ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಜೋರು ಮಳೆಯ ದಿನಗಳಲ್ಲಿ ಶಾಲೆಗೆ ಬರಲಾಗದ ಹತ್ತನೇ ತರಗತಿಯ ಮಕ್ಕಳಿಗಾಗಿ ಲ್ಯಾಪ್‌ಟಾಪ್ ಪರದೆಯ ಮೇಲೆ ಪಾಠ ಮಾಡಿ, ಅದನ್ನು ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಕೆಂದಿದ್ದೇನೆ. ನಾನು ಬಳಸಿದ ಉಚಿತ ತಂತ್ರಾಂಶವು ವಿಡಿಯೊ ಮೇಲೆ ತನ್ನ ಮುದ್ರೆಯೊತ್ತುತ್ತದೆ. ಬ್ಯಾಟರಿ ಕೆಟ್ಟ ಲ್ಯಾಪ್‌ಟಾಪ್ ಆದ್ದರಿಂದ ನಡುವೆ ಕರೆಂಟ್ ಹೋದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಣ ಕೊಡದೆ ಬೇರೆ ದಾರಿಯಿದೆಯೇ?
– ಓರ್ವ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಇದೆ. ಒಬಿಎಸ್ ಸ್ಟುಡಿಯೊ ಎಂಬ ಮುಕ್ತ ತಂತ್ರಾಂಶದಲ್ಲಿ ಮುದ್ರೆಯೂ ಇಲ್ಲ, ಸಮಯದ ಮಿತಿಯೂ ಇಲ್ಲ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಕರೆಂಟ್ ಹೋದಾಗ ವಿಡಿಯೊ ಹಾಳಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಕಡತದ ಮಾದರಿ: ಎಂಪಿ4 ಕಡತವನ್ನು ತೆರೆಯಲು ಬೇಕಾದ ಸೂಚಿಯು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯಲ್ಪಡುವುದರಿಂದ, ನಡುವೆ ಯಂತ್ರ ನಿಂತರೆ ಉಳಿದದ್ದು ತೆರೆಯುವುದೇ ಇಲ್ಲ. ಆದ್ದರಿಂದ ಎಂಕೆವಿ ಮಾದರಿಯನ್ನು ಆರಿಸಿಕೊಳ್ಳಿ. ಕರೆಂಟ್ ಹೋಗುವವರೆಗಿನ ಪಾಠ ಬಹುಮಟ್ಟಿಗೆ ಉಳಿಯುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನ ರಿಮಕ್ಸ್ ಆಯ್ಕೆಯಿಂದ ಗುಣಮಟ್ಟ ಕೆಡದಂತೆ ಅದನ್ನು ಎಂಪಿ4 ಮಾಡಿಕೊಳ್ಳಬಹುದು.

ಮಕ್ಕಳು ನೋಡುವುದು ಬಹುಶಃ ಅಪ್ಪನ ಫೋನಿನಲ್ಲಿ, ಅಪ್ಪನ ಡೇಟಾದಲ್ಲಿ. ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೊಗೆ ಬಳಕೆಯಾಗುವ ಡೇಟಾ) 2500 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 2500 ಕಿಲೋಬಿಟ್ ಇದ್ದರೆ ಐದು ನಿಮಿಷದ ವಿಡಿಯೊ ನೂರು ಎಂಬಿಯ ಹತ್ತಿರ ಹೋಗುತ್ತದೆ. ಹೆಚ್ಚು ಚಲನೆಯಿಲ್ಲದ ಗಣಿತದ ಪರದೆಗೆ 500 ಸಾಕು, ಆಗ 20 ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಚಿತ್ರ ತುಸು ಮಸುಕಾದರೂ ಮಕ್ಕಳು ಸಹಿಸುತ್ತಾರೆ, ಧ್ವನಿ ಕೆಟ್ಟರೆ ಸಹಿಸುವುದಿಲ್ಲ; ಫ್ಯಾನ್ ಆರಿಸಿ, ಇಯರ್‌ಫೋನಿನ ಮೈಕ್ ಬಳಸಿ.

ಆದರೆ ಏನನ್ನು ರೆಕಾರ್ಡ್ ಮಾಡಬೇಕು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಸ್ಲೈಡಿನಲ್ಲಿರುವುದನ್ನೇ ಓದಿಹೇಳುವ ವಿಡಿಯೊಗಿಂತ ಪಠ್ಯಪುಸ್ತಕವೇ ವಾಸಿ ಎಂಬುದು ನನ್ನ ಅಭಿಪ್ರಾಯ. ಕರಿಹಲಗೆಯ ಮೇಲೆ ತೋರಿಸಲಾಗದ್ದನ್ನು ತೋರಿಸಿ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳ ಉದ್ದ ಸಮ ಎಂಬ ಪ್ರಮೇಯವನ್ನೇ ತೆಗೆದುಕೊಳ್ಳಿ. ಶೈಕ್ಷಣಿಕ ಬಳಕೆಗೆ ಉಚಿತವಾಗಿರುವ, ಅಂತರ್ಜಾಲವಿಲ್ಲದೆಯೂ ನಡೆಯುವ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ 3 ಸೆಂ.ಮೀ. ತ್ರಿಜ್ಯದ ವೃತ್ತ ರಚಿಸಿ, ಕೇಂದ್ರದಿಂದ 5 ಸೆಂ.ಮೀ. ದೂರದಲ್ಲೊಂದು ಬಿಂದು ಇಟ್ಟು, ಸ್ಪರ್ಶಕಗಳನ್ನೆಳೆದು ಉದ್ದಗಳನ್ನು ಅಳೆದರೆ ಎರಡೂ ಕಡೆ 4 ಎಂದು ಕಾಣುತ್ತದೆ. ಈಗ ಬಿಂದುವನ್ನು ಮೌಸಿನಿಂದ ನಿಧಾನವಾಗಿ ಎಳೆಯಿರಿ. ಎರಡೂ ಅಂಕಿಗಳು ಜೊತೆಜೊತೆಗೇ ಬದಲಾಗುತ್ತವೆ. ಬಿಂದು ವೃತ್ತದ ಮೇಲೆ ಬಂದಾಗ ಎರಡೂ ರೇಖೆಗಳು ಒಂದಾಗುತ್ತವೆ, ಒಳಗೆ ಹೋದೊಡನೆ ಮಾಯವಾಗುತ್ತವೆ. ಒಳಗೆ ಎಳೆಯುವ ಮುನ್ನ ‘ಈಗ ಏನಾಗಬಹುದು? ವಿಡಿಯೊ ನಿಲ್ಲಿಸಿ ಬರೆದುಕೊಳ್ಳಿ’ ಎಂದು ಹೇಳಿ. ಇದು ಪ್ರಮೇಯದ ಸಾಧನೆಯಲ್ಲ, ಬರಿಯ ಪರಿಶೀಲನೆ ಎಂಬುದನ್ನೂ ಹೇಳಲೇಬೇಕು. ತ್ರಿಭುಜಗಳ ಸರ್ವಸಮತೆಯ ಸಾಧನೆಯನ್ನು ಮಕ್ಕಳು ಕೈಯಿಂದಲೇ ಬರೆಯಲಿ.

ಮಾದರಿ ಬೇಕೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳನ್ನು ನೋಡಿ. ಮೊದಲು ಬರೆದ ಪಠ್ಯ, ಅದಕ್ಕೆ ಹೊಂದಿಕೊಂಡ ಪರದೆಯ ಚಲನೆ, ಮೇಲೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಧ್ವನಿ ಎಂಬುದು ಅದರ ಕ್ರಮ.

ಪ್ರಶ್ನೆ: ನನ್ನಲ್ಲಿ ಲ್ಯಾಪ್‌ಟಾಪ್ ಇಲ್ಲ. ಫೋನಿನಿಂದಲೇ ವಿಜ್ಞಾನ ಪಾಠವನ್ನು ರೆಕಾರ್ಡ್ ಮಾಡಬಹುದೇ?
– ಓರ್ವ ಶಿಕ್ಷಕ, ಸಿಂಧನೂರು

ಉತ್ತರ: ಮಾಡಬಹುದು. ಆಂಡ್ರಾಯ್ಡ್ 11 ಅಥವಾ ಅದರ ನಂತರದ ಫೋನುಗಳಲ್ಲಿ ಸಾಮಾನ್ಯವಾಗಿ ಸ್ಕ್ರೀನ್ ರೆಕಾರ್ಡ್ ಸೌಲಭ್ಯ ಫೋನಿನಲ್ಲೇ ಇರುತ್ತದೆ. ಶುರುಮಾಡುವಾಗ ಮೈಕ್ ಆಯ್ಕೆಯನ್ನು ಗುರುತಿಸಲು ಮರೆಯಬೇಡಿ. ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ಉಚಿತ ಪ್ರಯೋಗಗಳು ಫೋನಿನ ಬ್ರೌಸರಿನಲ್ಲೇ ತೆರೆಯುತ್ತವೆ, ಅನೇಕವು ಕನ್ನಡದಲ್ಲೂ ಇವೆ. ಓಮನ ನಿಯಮದ ಪ್ರಯೋಗದಲ್ಲಿ ರೋಧವನ್ನು ಹೆಚ್ಚಿಸಿದಂತೆ ಸೂತ್ರದಲ್ಲಿ ವಿದ್ಯುತ್ ಪ್ರವಾಹವನ್ನು ಸೂಚಿಸುವ I ಅಕ್ಷರ ಕಿರಿದಾಗುವುದನ್ನು ತೋರಿಸಿ ಆರಂಭಿಸಬಹುದು. ರೆಕಾರ್ಡಿಂಗ್‌ಗೆ ಮೊದಲು ‘ಡು ನಾಟ್ ಡಿಸ್ಟರ್ಬ್’ ಹಾಕಿಕೊಳ್ಳಿ; ಬ್ಯಾಂಕಿನ ಒಟಿಪಿ ಪಾಠದ ನಡುವೆ ತಲೆಹಾಕುವುದು ಬೇಡ.