ಗೋಲ್ ಬಿಟ್ಟ ಮೇಲಿನ ಎರಡು ನಿಮಿಷ

ಓದುಗರ ಪತ್ರ:

"ಸಂಪಾದಕರೇ, ನಾನು ಬೆಂಬಲಿಸುವ ಫುಟ್‌ಬಾಲ್ ತಂಡ ಈ ಸೀಸನ್‌ನಲ್ಲಿ ಲೀಗ್ ಪಟ್ಟಿಯ ತಳಕ್ಕೆ ಅಂಟಿಕೊಂಡಿದೆ. ಸೋಲಿಗಿಂತ ಸೋಲುವ ರೀತಿ ನೋಡಿ ಹೊಟ್ಟೆ ಉರಿಯುತ್ತದೆ. 70ನೇ ನಿಮಿಷದವರೆಗೆ ಮುಂದಿರುತ್ತಾರೆ. ಒಂದು ಗೋಲ್ ಬಿದ್ದರೆ ಸಾಕು, ಇನ್ನೊಂದು ಬಿದ್ದೇ ಬೀಳುತ್ತದೆ. ಇವರಿಗೆ ಗಟ್ಟಿ ಮನಸ್ಸಿಲ್ಲ. ಕೋಚ್ ಬಾಯಿ ಬಿಟ್ಟು ಬೈಯುವುದೂ ಇಲ್ಲ, ಕೈ ಕಟ್ಟಿಕೊಂಡು ನಿಂತಿರುತ್ತಾನೆ. ಈಗ ಮನಶ್ಶಾಸ್ತ್ರಜ್ಞರನ್ನು ಬೇರೆ ಕರೆಸಿದ್ದಾರಂತೆ. ಅಷ್ಟು ದುಡ್ಡು ತಗೊಳ್ಳುವವರಿಗೆ ಮನಸ್ಸಿನ ಡಾಕ್ಟರ್ ಯಾಕೆ? ಈ ಕೋಚನ್ನು ಕಿತ್ತುಹಾಕಿ ಗದರಿಸುವವನೊಬ್ಬನನ್ನು ತಂದರೆ ಸರಿಹೋಗುವುದಿಲ್ಲವೇ? ಗೋಲ್‌ಕೀಪರನ್ನೂ ಬದಲಿಸಬೇಕು. — ಹೆಸರು ಬೇಡ."

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಜಾಗ ಸಾಲದೆ ಇಷ್ಟಕ್ಕೆ ಇಳಿಸಿದ್ದೇವೆ. ತೆಗೆದಿದ್ದರಲ್ಲಿ ಹೆಚ್ಚಿನದು ಬೈಗುಳವೇ, ಬೇಜಾರು ಮಾಡ್ಕೋಬೇಡಿ. ತಂಡದ ಹೆಸರನ್ನೂ ಹಾಕಿಲ್ಲ. ಹಾಕಿದರೂ ಬಿಟ್ಟರೂ ಅಷ್ಟೇ. ತಳದಲ್ಲಿರುವ ಯಾವ ತಂಡದ ಅಭಿಮಾನಿ ಓದಿದರೂ "ಇದು ನಮ್ಮದೇ ಕಥೆ" ಅಂತಾನೆ.

ನೀವು ಕಂಡಿದ್ದು ಸುಳ್ಳಲ್ಲ. ಒಂದು ಗೋಲ್ ಬಿದ್ದ ಕೂಡಲೇ ತಂಡ ಕುಸಿಯುವುದನ್ನು ನಾನೂ ನೋಡಿದ್ದೇನೆ. ಅದಕ್ಕೆ ನೀವಿಟ್ಟ ಹೆಸರಿನ ಬಗ್ಗೆ ಮಾತ್ರ ನನ್ನ ತಕರಾರು. "ಗಟ್ಟಿ ಮನಸ್ಸಿಲ್ಲ" ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕೆಲವರು ಗಟ್ಟಿಯಾಗಿ ಹುಟ್ಟುತ್ತಾರೆ, ಕೆಲವರು ಮೆತ್ತಗೆ ಹುಟ್ಟುತ್ತಾರೆ, ನಮ್ಮ ಪಾಲಿಗೆ ಮೆತ್ತನೆಯವರು ಬಂದರು ಅಂತ ಹಣೆ ಚಚ್ಚಿಕೊಂಡು ಕೂರುವುದಷ್ಟೇ ಉಳಿಯುತ್ತದೆ.

ಹಾಗಿದ್ದರೆ 2005ರ ಎಸಿ ಮಿಲಾನ್ ತಂಡವನ್ನು ಏನನ್ನಬೇಕು? ಇಸ್ತಾಂಬುಲ್‌ನ ಆ ಚಾಂಪಿಯನ್ಸ್ ಲೀಗ್ ಫೈನಲ್ ನಿಮಗೂ ನೆನಪಿರಬೇಕು. ಹಾಫ್ ಟೈಮ್‌ಗೆ ಮಿಲಾನ್ 3, ಲಿವರ್‌ಪೂಲ್ ಸೊನ್ನೆ. ಆಮೇಲೆ 54ರಿಂದ 60ನೇ ನಿಮಿಷದೊಳಗೆ ಲಿವರ್‌ಪೂಲ್ ಮೂರೂ ಗೋಲ್ ವಾಪಸ್ ಕೊಟ್ಟಿತು, ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದಿತು. ಆರು ನಿಮಿಷದಲ್ಲಿ ಕುಸಿದ ಆ ಮಿಲಾನ್ ತಂಡದಲ್ಲಿ ಮಾಲ್ಡಿನಿ, ನೆಸ್ಟಾ, ಕಫು, ಪಿರ್ಲೊ ಇದ್ದರು. ಇವರಿಗೆ ಗಟ್ಟಿ ಮನಸ್ಸಿಲ್ಲ ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ. ಎರಡೇ ವರ್ಷದಲ್ಲಿ, ಅದೇ ಕೋಚ್ ಆಂಚೆಲೊಟ್ಟಿ ಕೈಕೆಳಗೆ, ಮಿಲಾನ್ ಅದೇ ಲಿವರ್‌ಪೂಲನ್ನು ಫೈನಲ್‌ನಲ್ಲಿ 2-1ರಿಂದ ಸೋಲಿಸಿತು.

ಲಿವರ್‌ಪೂಲ್ ಕಡೆ ನೋಡಿ. ಆ ಹಾಫ್ ಟೈಮ್ ಬಗ್ಗೆ ಜನ ಹೇಳುವುದೆಲ್ಲ ಎದೆಗಾರಿಕೆಯ ಕಥೆ. ಹಾಡಿದ ಅಭಿಮಾನಿಗಳು, ಹುರಿದುಂಬಿಸಿದ ನಾಯಕ. ಅದೂ ಇತ್ತು, ಇಲ್ಲ ಅನ್ನಲ್ಲ. ಆದರೆ ಒಳಗೆ ನಡೆದ ದೊಡ್ಡ ಕೆಲಸ ಬಹಳ ಸಪ್ಪೆಯಾದದ್ದು. ಕೋಚ್ ಬೆನಿಟೆಜ್ ಹಿಂದಿನ ಸಾಲನ್ನು ನಾಲ್ಕರಿಂದ ಮೂರಕ್ಕೆ ಇಳಿಸಿದರು. ಬೆಂಚಿನಲ್ಲಿದ್ದ ಹಾಮನ್ ಅವರನ್ನು ಮಧ್ಯಕ್ಕೆ ಇಳಿಸಿದರು. ಮೊದಲಾರ್ಧ ಪೂರ್ತಿ ಮಿಲಾನ್‌ನ ಕಾಕಾ ಮನಸ್ಸಿಗೆ ಬಂದ ಹಾಗೆ ಓಡಾಡಿದ್ದ ಜಾಗ ಅದು. ಮೊದಲು ಡಿಫೆಂಡರ್ ಟ್ರಾವೊರೆ ಹೊರಗೆ ಅಂತ ತೀರ್ಮಾನವಾಗಿತ್ತು. ಅಷ್ಟರಲ್ಲಿ ಇನ್ನೊಬ್ಬ ಡಿಫೆಂಡರ್ ಫಿನ್ನನ್‌ಗೆ ಆಡಲು ಆಗಲ್ಲ ಅಂತ ಗೊತ್ತಾಯಿತು, ಟ್ರಾವೊರೆ ಉಳಿದರು. 3-3 ಆದ ಮೇಲೆ ಗೋಲ್ ಗೆರೆಯ ಮೇಲಿಂದ ಚೆಂಡನ್ನು ಹೊರಗೆ ಹೊಡೆದು ಲಿವರ್‌ಪೂಲನ್ನು ಉಳಿಸಿದ್ದು ಅದೇ ಟ್ರಾವೊರೆ! ಹನ್ನೊಂದು ಜನರ ಮನಸ್ಸು ಹದಿನೈದು ನಿಮಿಷದಲ್ಲಿ ಕಬ್ಬಿಣವಾಗುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾರನ್ನು ಹಿಡಿಯಬೇಕು ಅನ್ನುವುದು ಮಾತ್ರ ಅಷ್ಟರಲ್ಲಿ ಗೊತ್ತಾಗಬಹುದು. ಅದು ಗೊತ್ತಾದ ಆಟಗಾರ ಹೊರಗಿನಿಂದ ನೋಡುವ ನಮಗೆ ಧೈರ್ಯವಂತನಾಗಿ ಕಾಣುತ್ತಾನೆ.

ಈಗ ನಿಮ್ಮ ತಂಡ. ನೀವು ಬರೆದ ಮೂರು ಪಂದ್ಯಗಳನ್ನೂ ನಾನು ಕೂತು ನೋಡಿದೆ. ಗೋಲ್ ಬಿದ್ದ ಮೇಲಿನ ಎರಡು ನಿಮಿಷವನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡಿದೆ, ಚೆಂಡನ್ನು ಬಿಟ್ಟು ಉಳಿದವರನ್ನು. ಎರಡನೇ ಪಂದ್ಯದಲ್ಲಿ ಸ್ಕೋರು 1-1 ಆಗುತ್ತದೆ. ಸೆಂಟರ್‌ನಿಂದ ಆಟ ಶುರು, ಚೆಂಡು ಹಿಂದಿನ ಡಿಫೆಂಡರ್ ಕಾಲಿಗೆ ಬರುತ್ತದೆ. ಗೋಲ್ ಬೀಳುವ ಮುಂಚೆ ಎಡಗಡೆಯ ಬ್ಯಾಕ್ ಅರ್ಧ ಗೆರೆಯ ಹತ್ತಿರ ನಿಲ್ಲುತ್ತಿದ್ದವನು ಈಗ ಹತ್ತು ಹೆಜ್ಜೆ ಹಿಂದಿದ್ದಾನೆ. ಮಧ್ಯದ ಆಟಗಾರ ಕೈ ಎತ್ತಿ ಪಾಸ್ ಕೇಳುತ್ತಾನೆ, ಆದರೆ ಎದುರಾಳಿಯ ಬೆನ್ನ ಹಿಂದೆ ನಿಂತು. ಅಲ್ಲಿಗೆ ಚೆಂಡು ಕೊಡೋಕೆ ಸಾಧ್ಯವೇ ಇಲ್ಲ. ಅವನಿಗೂ ಅದು ಗೊತ್ತು. ಕೇಳಿದ ಹಾಗೂ ಆಯಿತು, ಸಿಗದ ಹಾಗೂ ಆಯಿತು. ಡಿಫೆಂಡರ್ ಎರಡು ಸಲ ತಲೆ ಎತ್ತಿ ನೋಡಿ ಗೋಲ್‌ಕೀಪರ್‌ಗೆ ಕೊಡುತ್ತಾನೆ. ಗೋಲ್‌ಕೀಪರ್ ಉದ್ದಕ್ಕೆ ಒದೆಯುತ್ತಾನೆ. ಎದುರಾಳಿ ತಲೆಯಿಂದ ವಾಪಸ್ ಕಳಿಸುತ್ತಾನೆ. ಮುಂದಿನ ಸ್ಟ್ರೈಕರ್ ಪಾಪ ಒಬ್ಬನೇ ಚೆಂಡಿನ ಹಿಂದೆ ಓಡುತ್ತಾನೆ, ಅವನ ಹಿಂದೆ ಮೂವತ್ತು ಗಜ ಯಾರೂ ಇಲ್ಲ. ನಿಮಿಷ ಕಳೆಯುವುದರೊಳಗೆ ಕಾರ್ನರ್.

ಇದರಲ್ಲಿ ಹೇಡಿ ಯಾರು ಹೇಳಿ? ಸ್ಟ್ರೈಕರ್ ಪಂದ್ಯ ಗೆಲ್ಲೋಕೆ ಓಡುತ್ತಿದ್ದಾನೆ. ಹಿಂದಿನ ನಾಲ್ವರು ಡ್ರಾ ಉಳಿಸೋಕೆ ನಿಂತಿದ್ದಾರೆ. ಮಧ್ಯದವರು ಸೀಟಿ ಯಾವಾಗ ಊದುತ್ತಾರೋ ಅಂತ ಕಾಯುತ್ತಿದ್ದಾರೆ. ಎಲ್ಲರೂ ಬೆವರು ಸುರಿಸುತ್ತಿದ್ದಾರೆ, ಆದರೆ ಮೂರು ಗುಂಪು ಮೂರು ಬೇರೆ ಬೇರೆ ಪಂದ್ಯ ಆಡುತ್ತಿದೆ. ನಿಮ್ಮ ಕೋಚ್ ಮೇಲೆ ನನಗೂ ಸಿಟ್ಟಿದೆ, ಅದು ಇದಕ್ಕೆ. ಅವರು ಬೈಯುವುದಿಲ್ಲ ಅನ್ನುವುದಕ್ಕಲ್ಲ. ಸ್ಕೋರು ಸಮವಾದರೆ ಮುಂದಿನ ಐದು ನಿಮಿಷ ಏನು ಮಾಡಬೇಕು ಅನ್ನುವುದನ್ನು ಮೊದಲೇ ಕಲಿಸಿದ್ದರ ಗುರುತೇ ಅಲ್ಲಿಲ್ಲ.

ಇಂಥದ್ದು ಎಷ್ಟು ದೊಡ್ಡ ತಂಡಕ್ಕೂ ಆಗುತ್ತದೆ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ತನ್ನ ನೆಲದಲ್ಲೇ ಜರ್ಮನಿಗೆ 1-7ರಿಂದ ಸೋತಿತಲ್ಲ, ಅದರಲ್ಲಿ ನಾಲ್ಕು ಗೋಲ್ ಬಂದದ್ದು 23ರಿಂದ 29ನೇ ನಿಮಿಷದೊಳಗೆ. ಕಿಚ್ಚಿಗೆ ಕೊರತೆ ಇತ್ತೇ? ಗಾಯಗೊಂಡ ನೇಮಾರ್ ಅವರ ಅಂಗಿಯನ್ನು ಎತ್ತಿ ಹಿಡಿದು ರಾಷ್ಟ್ರಗೀತೆ ಹಾಡಿದ ತಂಡ ಅದು. ಕಿಚ್ಚು ಜಾಸ್ತಿಯೇ ಇತ್ತು. ಮೂರನೇ ಗೋಲ್ ಬಿದ್ದ ಮೇಲೆ ಆಟ ಮತ್ತೆ ಶುರುವಾದ ಕೂಡಲೇ ಬ್ರೆಜಿಲ್‌ನ ಫರ್ನಾಂಡಿನ್ಯೊ ಕಾಲಿನಿಂದ ಜರ್ಮನಿಯ ಕ್ರೂಸ್ ಚೆಂಡು ಕಸಿದರು, ನಾಲ್ಕನೆಯದೂ ಬಿತ್ತು. ಆ ಹೊತ್ತಿಗೆ ಬೇಕಾಗಿದ್ದು ಒಂದು ನಿಮಿಷ ಚೆಂಡನ್ನು ಸುಮ್ನೆ ಇಟ್ಟುಕೊಳ್ಳುವುದು. ಬೇಕಾದರೆ ಹೊರಗೆ ಒದ್ದು ಉಸಿರು ಎಳೆದುಕೊಳ್ಳುವುದು. ಅವರು ಆ ಗೋಲನ್ನು ತಕ್ಷಣವೇ ವಾಪಸ್ ಕೊಡಲು ಹೊರಟರು. ಇದನ್ನೇ ನಾವು ಬೇರೆ ದಿನ "ಛಲ" ಅಂತ ಹೊಗಳುತ್ತೇವೆ, ಅಲ್ವಾ?

ಹಾಗಾದರೆ ಕಲಿಸುವುದು ಹೇಗೆ? ಗದರಿಕೆಗೆ ಹೆಸರಾದ, ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿದ್ದ ಅಲೆಕ್ಸ್ ಫರ್ಗುಸನ್ ಅವರನ್ನೇ ತಗೊಳ್ಳಿ. ಅವರ ತಂಡ ಕೊನೇ ಗಳಿಗೆಯಲ್ಲಿ ಗೋಲ್ ಹೊಡೆಯುವುದಕ್ಕೂ ಅಷ್ಟೇ ಹೆಸರುವಾಸಿ. ಜನ ಎರಡನ್ನೂ ಜೋಡಿಸಿ, ಬೈದದ್ದಕ್ಕೇ ಗೋಲ್ ಬಂತು ಅಂದುಕೊಂಡರು. ಆದರೆ ಅವರೇ ಹೇಳಿಕೊಂಡ ಹಾಗೆ, ಹತ್ತು ನಿಮಿಷ ಉಳಿದಾಗ, ಐದು ನಿಮಿಷ ಉಳಿದಾಗ, ಮೂರು ನಿಮಿಷ ಉಳಿದಾಗ ಒಂದು ಗೋಲ್ ಬೇಕಿದ್ದರೆ ಹೇಗೆ ಆಡಬೇಕು ಅಂತ ಅಭ್ಯಾಸದಲ್ಲೇ ಆಡಿಸುತ್ತಿದ್ದರು. ಬೈಗುಳ ಕಿವಿಗೆ ಬೀಳುತ್ತೆ, ಅಭ್ಯಾಸ ಕಣ್ಣಿಗೆ ಬೀಳಲ್ಲ.

ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲುವುದೇ ಇಂಗ್ಲೆಂಡ್ ಹಣೆಬರಹ ಅಂತ ಒಂದು ಕಾಲದಲ್ಲಿ ಎಲ್ಲರೂ ನಂಬಿದ್ದರು. 1990, 1996, 1998, 2004, 2006, 2012. ಆರು ಸೋಲು. 1996ರಲ್ಲಿ ಪೆನಾಲ್ಟಿಯಲ್ಲಿ ಗೋಲ್ ಹೊಡೆಯಲಾಗದ ಸೌತ್‌ಗೇಟ್ ಅವರೇ ಮುಂದೆ ಕೋಚ್ ಆದರು. ಅವರು ಅದನ್ನು ಹಣೆಬರಹ ಅನ್ನದೆ ಒಂದು ಕೆಲಸ ಅಂತ ತಗೊಂಡರು. ಅವಸರ ಮಾಡದೆ ಒದೆಯುವುದನ್ನೂ ಕೂತು ಅಭ್ಯಾಸ ಮಾಡಿಸಿದರು. 2018ರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ 4-3ರಿಂದ ಗೆದ್ದರು. ಅಲ್ಲಿಯೂ ಹೆಂಡರ್ಸನ್ ಒದ್ದ ಚೆಂಡನ್ನು ಎದುರಾಳಿ ತಡೆದಿದ್ದ, ಆದರೆ ತಂಡ ಕುಸಿಯಲಿಲ್ಲ. ಇಷ್ಟಾಗಿಯೂ 2021ರ ಯೂರೋ ಫೈನಲ್‌ನಲ್ಲಿ ಅದೇ ಇಂಗ್ಲೆಂಡ್ ಇಟಲಿಗೆ ಪೆನಾಲ್ಟಿಯಲ್ಲೇ ಸೋತಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಅಭ್ಯಾಸ ಗ್ಯಾರಂಟಿ ಚೀಟಿ ಕೊಡುವುದಿಲ್ಲ.

ಇನ್ನು ಕೋಚನ್ನು ಕಿತ್ತುಹಾಕುವ ಮಾತು. ಜರ್ಮನಿಯ ಶಾಲ್ಕೆ ತಂಡ 2020-21ರ ಸೀಸನ್ ಶುರು ಮಾಡಿದ್ದೇ ಬಯರ್ನ್ ಎದುರು 0-8 ಸೋಲಿನಿಂದ. ಎರಡೇ ಪಂದ್ಯಕ್ಕೆ ಕೋಚ್ ಹೋದರು. ಆ ಒಂದು ಸೀಸನ್‌ನಲ್ಲಿ ಕೋಚ್ ಬೆಂಚಿನ ಮೇಲೆ ಒಬ್ಬರಾದ ಮೇಲೆ ಒಬ್ಬರಂತೆ ಐದು ಜನ ಕೂತರು. ಹಿಂದಿನ ಸೀಸನ್‌ನದೂ ಸೇರಿ 30 ಲೀಗ್ ಪಂದ್ಯ ಗೆಲುವೇ ಇಲ್ಲ. ಕೊನೆಗೆ ಕೆಳಗಿನ ಡಿವಿಜನ್‌ಗೆ ಇಳಿದರು. ಐದು ಕೋಚ್ ಅಂದರೆ ಐದು ಸಲ "ಈಗಿನಿಂದ ಹೀಗೆ ನಿಲ್ಲಿ" ಅಂತ ಕೇಳಿಸಿಕೊಂಡ ಆಟಗಾರರು. ನಾಲ್ಕನೆಯವರ ಹೊತ್ತಿಗೆ ನಾನಾಗಿದ್ದರೂ ಸುಮ್ಮನೆ ತಲೆ ಆಡಿಸುತ್ತಿದ್ದೆ.

ಅದೇ ದೇಶದ ಫ್ರೈಬುರ್ಗ್ 2015ರಲ್ಲಿ ಕೆಳಗೆ ಇಳಿಯಿತು. ಕೋಚ್ ಸ್ಟ್ರೈಶ್ ಅವರನ್ನು ತೆಗೆಯಲಿಲ್ಲ. ಮರುವರ್ಷ ಎರಡನೇ ಡಿವಿಜನ್ ಗೆದ್ದು ಮೇಲೆ ಬಂದರು, 2022ರಲ್ಲಿ ಜರ್ಮನ್ ಕಪ್ ಫೈನಲ್ ಆಡಿದರು. ಸ್ಟ್ರೈಶ್ 2024ರವರೆಗೂ ಅಲ್ಲೇ ಇದ್ದರು.

ಕೋಚ್ ಬದಲಾದ ಕೂಡಲೇ ಎರಡು ಮೂರು ಪಂದ್ಯ ಗೆದ್ದುಬಿಡುತ್ತಾರಲ್ಲ ಅನ್ನಬಹುದು ನೀವು. ಬಾಸ್ ಟೆರ್ ವೇಲ್ ಅನ್ನುವ ಅರ್ಥಶಾಸ್ತ್ರಜ್ಞರು ಡಚ್ ಲೀಗ್‌ನ 1986ರಿಂದ 2004ರವರೆಗಿನ ಲೆಕ್ಕ ತೆಗೆದು ನೋಡಿದ್ದಾರೆ. ಕೋಚನ್ನು ತೆಗೆದ ತಂಡಗಳು ಆಮೇಲೆ ಚೇತರಿಸಿಕೊಂಡಿದ್ದವು, ನಿಜ. ಅಷ್ಟೇ ಕೆಟ್ಟದಾಗಿ ಸೋಲುತ್ತಾ ಕೋಚನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಹಾಗೇ ಚೇತರಿಸಿಕೊಂಡಿದ್ದವು. ಜ್ವರ ಏರಿದಾಗ ನುಂಗಿದ ಮಾತ್ರೆಗೇ ಜ್ವರ ಇಳಿಸಿದ ಹೆಸರು ಬಂದ ಹಾಗೆ.

ಬದಲಾವಣೆಯಿಂದ ಒಳ್ಳೆಯದಾದದ್ದೂ ಇದೆ, ಮುಚ್ಚಿಡುವುದಿಲ್ಲ. ಜರ್ಮನಿಯದೇ ಲೆವರ್‌ಕುಸೆನ್ ತಂಡಕ್ಕೆ "ಯಾವತ್ತೂ ಎರಡನೆಯವರು" ಅನ್ನುವ ಅಡ್ಡಹೆಸರೇ ಅಂಟಿತ್ತು. 2002ರಲ್ಲಿ ಲೀಗ್, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಕೊನೇ ಹೆಜ್ಜೆಯಲ್ಲಿ ಕೈಬಿಟ್ಟಿದ್ದರು. 2022ರ ಅಕ್ಟೋಬರ್‌ನಲ್ಲಿ ಎಂಟು ಪಂದ್ಯಕ್ಕೆ ಐದು ಪಾಯಿಂಟ್, ಕೊನೆಯಿಂದ ಎರಡನೇ ಸ್ಥಾನ. ಆಗ ಬಂದವರು ಶಾಬಿ ಅಲೊನ್ಸೊ. ಇಸ್ತಾಂಬುಲ್‌ನಲ್ಲಿ ಲಿವರ್‌ಪೂಲ್‌ನ ಮೂರನೇ ಗೋಲ್ ಹೊಡೆದವರು ಅವರೇ. ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದ, ಮರಳಿ ಬಂದ ಚೆಂಡನ್ನು ಒಳಗೆ ತಳ್ಳಿದರು. ಕೋಚ್ ಆಗಿ ಮೊದಲ ಪಂದ್ಯ 4-0 ಗೆಲುವು. ಎಲ್ಲರೂ "ನೋಡಿದ್ರಾ!" ಅಂದರು. ಒಂದೇ ವಾರದಲ್ಲಿ 0-3, ಆಮೇಲೆ 1-5. ನಿಮ್ಮಂಥ ಓದುಗರು ಅಲ್ಲಿಯೂ ಪತ್ರ ಬರೆದಿರಬೇಕು. ಕ್ಲಬ್ ಅಲ್ಲಾಡಲಿಲ್ಲ. ಆ ಸೀಸನ್ ಆರನೇ ಸ್ಥಾನ. ಮುಂದಿನ ಸೀಸನ್ 34 ಲೀಗ್ ಪಂದ್ಯದಲ್ಲಿ ಒಂದನ್ನೂ ಸೋಲದೆ ಚಾಂಪಿಯನ್. ಆ ವರ್ಷ ಯೂರೋಪಾ ಲೀಗ್‌ನಲ್ಲಿ ಕರಾಬಾಗ್ ವಿರುದ್ಧ ಸೋಲು ಖಾತ್ರಿ ಅನ್ನಿಸಿದಾಗ ಇಂಜುರಿ ಟೈಮ್‌ನಲ್ಲಿ ಲೆವರ್‌ಕುಸೆನ್‌ನ ಶಿಕ್ ಎರಡು ಗೋಲ್ ಹೊಡೆದರು. ಅಂಥ ಹೊತ್ತಲ್ಲೂ ಆ ತಂಡ ಚೆಂಡನ್ನು ಸುಮ್ಮನೆ ಮೇಲಕ್ಕೆ ಒದೆಯುತ್ತಿರಲಿಲ್ಲ. ಐದನೇ ನಿಮಿಷದಲ್ಲಿ ಆಡಿದ ಪಾಸನ್ನೇ ತೊಂಬತ್ತೈದನೇ ನಿಮಿಷದಲ್ಲೂ ಆಡುತ್ತಿತ್ತು. ನನಗೆ ಆ ಗೋಲ್‌ಗಳಿಗಿಂತ ಆ ಪಾಸುಗಳೇ ಜಾಸ್ತಿ ಇಷ್ಟ.

"ಅಷ್ಟು ದುಡ್ಡು ತಗೊಳ್ಳುವವರಿಗೆ ಮನಸ್ಸಿನ ಡಾಕ್ಟರ್ ಯಾಕೆ" ಅಂದಿರಿ. ಇಲ್ಲಿ ಮಾತ್ರ ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಹ್ಯಾನೋವರ್ ತಂಡದ ಗೋಲ್‌ಕೀಪರ್ ರಾಬರ್ಟ್ ಎಂಕೆ 2010ರ ವಿಶ್ವಕಪ್‌ಗೆ ಜರ್ಮನಿಯ ಗೋಲ್‌ಕೀಪರ್ ಆಗಬಹುದಾಗಿದ್ದವರು. ವರ್ಷಗಳಿಂದ ಖಿನ್ನತೆ ಇತ್ತು. ಹೊರಗೆ ಗೊತ್ತಾಗಬಾರದು ಅಂತ ಮುಚ್ಚಿಟ್ಟಿದ್ದರು. 2009ರ ನವೆಂಬರ್‌ನಲ್ಲಿ, 32ನೇ ವಯಸ್ಸಿಗೆ, ತಮ್ಮ ಜೀವ ತೆಗೆದುಕೊಂಡರು. ಮೈದಾನದಲ್ಲಿ ಅವರನ್ನು ನೋಡಿದ ಯಾರೂ ಮೆತ್ತನೆಯ ಮನುಷ್ಯ ಅಂದಿರಲಿಕ್ಕಿಲ್ಲ. ಮಂಡಿ ನೋವು ಅಂದರೆ ಸ್ಕ್ಯಾನ್ ಮಾಡಿಸಿ ಅಂತೀವಿ, ಮನಸ್ಸು ನೋವು ಅಂದರೆ ಸಂಬಳ ಎಷ್ಟು ಅಂತ ಕೇಳ್ತೀವಿ. ನಿಮ್ಮ ಕ್ಲಬ್ ಈ ಸೀಸನ್‌ನಲ್ಲಿ ಮಾಡಿದ ಕೆಲಸಗಳಲ್ಲಿ ಮನಶ್ಶಾಸ್ತ್ರಜ್ಞರನ್ನು ಕರೆಸಿದ್ದು ನನಗೆ ಸರಿ ಕಂಡ ಒಂದೇ ಒಂದು ಕೆಲಸ. ಆದರೆ ಅವರಿಂದ ಪಾಯಿಂಟ್ ನಿರೀಕ್ಷಿಸಬೇಡಿ. ಎಡ ಬ್ಯಾಕ್ ಎಲ್ಲಿ ನಿಲ್ಲಬೇಕು ಅಂತ ಹೇಳುವುದು ಅವರ ಕೆಲಸವಲ್ಲ.

ಗೋಲ್‌ಕೀಪರ್ ವಿಷಯ. ನಾನೂ ಒಂದು ಕಾಲಕ್ಕೆ ಗೋಲ್‌ಕೀಪರ್ ಆಗಿದ್ದೆ, ಕೆಟ್ಟ ಗೋಲ್‌ಕೀಪರ್. ಚೆಂಡು ಬಲೆಗೆ ಬಿದ್ದಾಗಲೆಲ್ಲ ನಮ್ಮ ಕೋಚ್ ಗೆರೆಯಾಚೆಯಿಂದ "ಗಮನ ಕೊಡೋ!" ಅಂತ ಕಿರುಚುತ್ತಿದ್ದರು. ಯಾವುದರ ಮೇಲೆ ಗಮನ ಕೊಡಬೇಕು ಅಂತ ಒಂದು ದಿನವೂ ಹೇಳಲಿಲ್ಲ. ಹಾಗಾಗಿ ನಾನು ಅವರ ಮೇಲೆ ಗಮನ ಕೊಡುತ್ತಿದ್ದೆ, ಅಷ್ಟರಲ್ಲಿ ಇನ್ನೊಂದು ಗೋಲ್ ಬೀಳುತ್ತಿತ್ತು. ನಿಮ್ಮ ಹುಡುಗನನ್ನು ಬದಲಿಸುವುದು ಬೇಡ. ಅವನು ಉದ್ದಕ್ಕೆ ಒದೆಯುವುದು ಹತ್ತಿರದಲ್ಲಿ ಯಾರೂ ಸಿಗದೆ.

ಮುಂದಿನ ಪಂದ್ಯಕ್ಕೆ ಹೋಗುತ್ತೀರಿ ಅಂತ ಗೊತ್ತು. ಬೈಯುತ್ತಲೇ ಹೋಗುವವರು ನೀವು. ಗೋಲ್ ಬಿದ್ದರೆ ಚೆಂಡನ್ನು ಬಿಟ್ಟು ಆ ಮಧ್ಯದ ಆಟಗಾರನನ್ನು ಎರಡು ನಿಮಿಷ ನೋಡಿ. ಕೈ ಎತ್ತುವಾಗ ಎಲ್ಲಿ ನಿಂತಿದ್ದ ಅಂತ ಬರೆದು ಕಳಿಸಿ. ಈ ಸಲ ಒಂದೇ ಪುಟ ಸಾಕು.

— ಸಂಪಾದಕ