‘ಏನಾಗ್ತೀರಿ?’ ಎಂದು ಕೇಳುವ ಮೊದಲು ಕೆಲಸ ನೋಡಲು ಕಳಿಸಿ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನ ಜಿಲ್ಲೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಅಧ್ಯಾಪಕಿ. ಈ ಸಲ ಮೂರನೇ ಸೆಮಿಸ್ಟರ್ ಮಕ್ಕಳಿಗೆ ವಾರಕ್ಕೊಂದು ಗಂಟೆ ‘ಕೆರಿಯರ್ ಸೆಮಿನಾರ್’ ತೆಗೆದುಕೊಳ್ಳಿ ಎಂದು ಎಚ್‌ಒಡಿ ಹೇಳಿದ್ದಾರೆ. ಸಿಲಬಸ್ ಇಲ್ಲ, ಪುಸ್ತಕ ಇಲ್ಲ. ಮೊದಲ ದಿನ ‘ಮುಂದೆ ಏನಾಗ್ತೀರಿ?’ ಎಂದು ಕೇಳಿದೆ. ಅರ್ಧ ಕ್ಲಾಸು ‘ಸಾಫ್ಟ್‌ವೇರ್’ ಎಂದಿತು, ಉಳಿದವರು ತಲೆ ತಗ್ಗಿಸಿದರು. ನಾನೂ ಓದು ಮುಗಿಸಿ ನೇರವಾಗಿ ಪಾಠಕ್ಕೆ ಬಂದವಳು. ಏನು ಹೇಳಿಕೊಡಲಿ?
– ಒಬ್ಬ ಅಧ್ಯಾಪಕಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಮಕ್ಕಳು ತಲೆ ತಗ್ಗಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹತ್ತೊಂಬತ್ತು ವರ್ಷದ ಹುಡುಗ ಹುಡುಗಿಯರು ಅವರು. ಮನೆಯಲ್ಲಿ ಮೇಷ್ಟ್ರ ಕೆಲಸ ನೋಡಿರುತ್ತಾರೆ, ತೋಟದ ಕೆಲಸ ನೋಡಿರುತ್ತಾರೆ, ಬ್ಯಾಂಕ್ ನೋಡಿರುತ್ತಾರೆ. ಇಂಜಿನಿಯರ್ ಒಬ್ಬರು ಬೆಳಿಗ್ಗೆ ಒಂಬತ್ತಕ್ಕೆ ಏನು ಮಾಡುತ್ತಾರೆ ಎಂದು ನೋಡಿದವರು ಎಷ್ಟು ಜನ? ನೋಡದೇ ಇದ್ದದ್ದನ್ನು ಆರಿಸು ಎಂದರೆ ಊರೆಲ್ಲ ಹೇಳುವ ಹೆಸರನ್ನೇ ಹೇಳುತ್ತಾರೆ.

ನಾನು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ದುಡಿದು, ಆಮೇಲೆ ತುಮಕೂರಿನಲ್ಲಿ ಇಂಥದ್ದೇ ತರಗತಿ ತೆಗೆದುಕೊಂಡವಳು. ಆ ಅನುಭವದಿಂದ ಹೇಳುತ್ತೇನೆ: ಸ್ಫೂರ್ತಿ ತುಂಬುವ ಭಾಷಣಕಾರರನ್ನು ಕರೆಸಬೇಡಿ. ಆ ಒಂದು ಗಂಟೆ ಚಪ್ಪಾಳೆಯಲ್ಲಿ ಮುಗಿದುಹೋಗುತ್ತದೆ. ನಿಮ್ಮ ಕಾಲೇಜಿನಲ್ಲೇ ಓದಿ, ಎರಡು ಮೂರು ವರ್ಷದ ಹಿಂದೆ ಹೊರಬಿದ್ದ ಸೀನಿಯರ್‌ಗಳ ಫೋನ್ ನಂಬರ್ ಹುಡುಕಿ. ಅವರ ಒಪ್ಪಿಗೆ ಕೇಳಿಕೊಂಡು ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬೊಬ್ಬರನ್ನು ಗೊತ್ತುಮಾಡಿ. ಅರ್ಧ ಗಂಟೆ ಮಾತಾಡಿ ಬರಲಿ. ದೊಡ್ಡ ಹುದ್ದೆಯವರು ಬೇಡ, ಅವರಿಗೆ ತಮ್ಮ ಮೊದಲ ವರ್ಷ ಮರೆತುಹೋಗಿರುತ್ತದೆ.

ಏನು ಕೇಳಬೇಕು ಎಂಬುದನ್ನು ಮಾತ್ರ ನೀವೇ ಕಲಿಸಬೇಕು. ‘ನಿಮ್ಮ ಕೆಲಸ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಅಂತಾರೆ, ಅಲ್ಲಿಗೆ ಮುಗೀತು. ‘ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದ್ರಿ?’ ಎಂದು ಕೇಳಬೇಕು. ಯಾವ ಕೆಲಸ ಬೇಜಾರು ತರಿಸುತ್ತೆ? ಕಾಲೇಜಿನಲ್ಲಿ ಕಲಿತದ್ದರಲ್ಲಿ ಯಾವುದು ಬಳಕೆಗೆ ಬಂತು? ತಪ್ಪಾದರೆ ಯಾರು ಬೈತಾರೆ?

ನನ್ನ ಕ್ಲಾಸಿನ ಒಬ್ಬ ಹುಡುಗಿ ಹೀಗೆ ಸಬ್‌ಸ್ಟೇಷನ್‌ನಲ್ಲಿ ಪಾಳಿ ಮಾಡುವ ಸೀನಿಯರ್ ಅಕ್ಕನ ಜೊತೆ ಮಾತಾಡಿ ಬಂದಳು. ಗಂಟೆಗೊಮ್ಮೆ ಲಾಗ್ ಪುಸ್ತಕದಲ್ಲಿ ವೋಲ್ಟೇಜು, ಕರೆಂಟು, ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಸಿ ಬರೆಯಬೇಕು. ಟ್ರಾನ್ಸ್‌ಫಾರ್ಮರ್ ಒಳಗೆ ಹೋಗುವ ಗಾಳಿಯ ತೇವ ತೆಗೆಯುವ ಡಬ್ಬಿ, ಅಂದರೆ ಬ್ರೀದರ್‌ನಲ್ಲಿರುವ ಸಿಲಿಕಾ ಜೆಲ್ ಹರಳುಗಳು ನೀಲಿಯಿಂದ ಗುಲಾಬಿಗೆ ತಿರುಗಿದರೆ ತೇವ ಹೀರಿ ಮುಗಿದಿದೆ ಎಂದರ್ಥ, ಬದಲಿಸಬೇಕು. ಲೈನ್ ಮೇಲೆ ಕೆಲಸ ಮಾಡುವವರು ಎಲ್‌ಸಿ, ಅಂದರೆ ಲೈನ್ ಕ್ಲಿಯರ್ (ಕರೆಂಟ್ ನಿಲ್ಲಿಸಿದ ಲೈನ್‌ನಲ್ಲಿ ಕೆಲಸ ಮಾಡಲು ಬರಹದ ಅನುಮತಿ), ತೆಗೆದುಕೊಂಡಿರುತ್ತಾರೆ. ಅವರು ಅದನ್ನು ವಾಪಸ್ ಮಾಡಿ, ಎಲ್ಲರೂ ಕೆಳಗಿಳಿದದ್ದು ಖಾತ್ರಿಯಾಗುವ ತನಕ, ಊರಿನವರು ಎಷ್ಟೇ ಫೋನ್ ಮಾಡಿದರೂ ಲೈನ್‌ಗೆ ಮತ್ತೆ ಕರೆಂಟ್ ಬಿಡುವಂತಿಲ್ಲ. ‘ಅಲ್ಲಿ ಒಂದು ಸಹಿಗೆ ಒಂದು ಜೀವದ ಬೆಲೆ ಮೇಡಂ’ ಎಂದಳು. ಇಡೀ ಕ್ಲಾಸು ಸುಮ್ಮನೆ ಕೇಳಿತು. ರಾತ್ರಿ ಪಾಳಿ ತಮಗಾಗದು ಎಂದು ಇಬ್ಬರು ಆ ದಿನವೇ ಹೇಳಿದರು. ಅದೂ ಒಳ್ಳೆಯದೇ. ಕೆಲಸಕ್ಕೆ ಸೇರಿ ಆರು ತಿಂಗಳಾದ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿದರೆ ಎಷ್ಟೋ ವಾಸಿ.

ಹೆಣ್ಣುಮಕ್ಕಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ‘ಸೈಟ್ ಕೆಲಸ, ಪಾಳಿ ಕೆಲಸ ನಿನಗೆ ಬೇಡಮ್ಮ’ ಎಂದು ಮನೆಯಲ್ಲಿ ಮೊದಲೇ ಬಾಗಿಲು ಹಾಕಿರುತ್ತಾರೆ. ನೀವು ಮಾತ್ರ ಹಾಕಬೇಡಿ. ಆ ಕೆಲಸದಲ್ಲಿರುವ ಹೆಂಗಸರ ಹತ್ತಿರವೇ ಮಾತಾಡಿಸಿ. ಓಡಾಟ, ಶೌಚಾಲಯ, ಕ್ವಾರ್ಟರ್ಸ್ ಎಲ್ಲ ನೇರವಾಗಿ ಕೇಳಲಿ. ಆಮೇಲೆ ಬೇಕೋ ಬೇಡವೋ ಅವಳೇ ಹೇಳಲಿ.

ಇನ್ನು ಜಾಗ ನೋಡಲು ಬೆಂಗಳೂರಿಗೇ ಬಸ್ ಮಾಡಬೇಕಿಲ್ಲ. ನಿಮ್ಮ ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳನ್ನು, ಅಲ್ಲಿಂದಲೇ ನಿಯಂತ್ರಿಸುತ್ತಿದ್ದಾರೆ. ಒಳಗೆ ಹೋಗಲು ಮೊದಲೇ ಪತ್ರ ಬರೆದು ಅನುಮತಿ ಕೇಳಿ. ಸಿಗದಿದ್ದರೆ ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು ಊರಲ್ಲೇ ಇರುತ್ತಾರೆ, ಕರೆಸಿ. ಸಕಲೇಶಪುರದ ಕಡೆ ಎತ್ತಿನಹೊಳೆ ಯೋಜನೆಯ ನೀರೆತ್ತುವ ಪಂಪ್‌ಗಳಿವೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೂವರಿಗೂ ಅಲ್ಲಿ ಕೆಲಸವಿದೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ಗೂ ಹೋಗಿ. ಬೀಜದ ಸಿಪ್ಪೆ ತೆಗೆಯಲು, ಗಾತ್ರ ನೋಡಿ ವಿಂಗಡಿಸಲು, ಬಣ್ಣ ನೋಡಿ ಕೆಟ್ಟ ಬೀಜ ಆರಿಸಲು ಯಂತ್ರಗಳಿರುತ್ತವೆ. ಬಣ್ಣ ಆರಿಸುವ ಯಂತ್ರದೊಳಗೆ ಕ್ಯಾಮೆರಾ, ಸೆನ್ಸರ್, ಗಾಳಿ ಚಿಮ್ಮಿಸುವ ವಾಲ್ವ್, ಸಾಫ್ಟ್‌ವೇರ್ ಎಲ್ಲಾ ಇರುತ್ತದೆ. ‘ಸಾಫ್ಟ್‌ವೇರ್’ ಎಂದ ನಿಮ್ಮ ಮಕ್ಕಳಿಗೆ ಇದನ್ನು ಖಂಡಿತ ತೋರಿಸಿ.

ಎರಡು ತರಗತಿಗಳನ್ನು ಕಾಗದ ಓದಿಸಲು ಇಡಿ. ಒಂದರಲ್ಲಿ ನೇಮಕಾತಿ ಜಾಹೀರಾತು. ಇಸ್ರೋದ ವಿಜ್ಞಾನಿ/ಇಂಜಿನಿಯರ್ ಹುದ್ದೆಗೆ ಇತ್ತೀಚಿನ ಜಾಹೀರಾತುಗಳಲ್ಲಿ ಸರಾಸರಿ ಶೇ. 65 ಅಥವಾ ಹತ್ತಕ್ಕೆ 6.84 ಸಿಜಿಪಿಎ (ಗ್ರೇಡ್ ಅಂಕಗಳ ಸರಾಸರಿ) ಕೇಳಿದ್ದಾರೆ. ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಅದು. ಕೊನೆಯ ವರ್ಷದಲ್ಲಿ ಗೊತ್ತಾದರೆ ಏನು ಪ್ರಯೋಜನ? ಮೂರನೇ ಸೆಮಿಸ್ಟರ್‌ನಲ್ಲೇ ಓದಿಸಿದರೆ ದಾರಿ ಇದೆ. ಇನ್ನೊಂದರಲ್ಲಿ ಆಫರ್ ಲೆಟರ್, ಹೆಸರು ಮುಚ್ಚಿದ್ದು. ಸಿಟಿಸಿ, ಅಂದರೆ ನಿಮಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ, ಎಂದು ದೊಡ್ಡದಾಗಿ ಬರೆದ ಮೊತ್ತದಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೆಲವು ಕಡೆ ವಿಮೆಯ ಕಂತೂ ಸೇರಿರುತ್ತದೆ. ಅದು ತಿಂಗಳು ತಿಂಗಳು ಕೈಗೆ ಬರುವುದಿಲ್ಲ. ಕೈಗೆಷ್ಟು ಬರುತ್ತೆ ಎಂದು ಅವರೇ ಲೆಕ್ಕ ಹಾಕಲಿ. ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಇದ್ದರೆ ಆ ಸಾಲನ್ನು ಜೋರಾಗಿ ಓದಿಸಿ. ಸಾಲ ಮಾಡಿ ಓದಿಸಿದ ಅಪ್ಪ ಅಮ್ಮನಿಗೆ ಇದನ್ನು ಹೇಳಬೇಕಾದವರೂ ಈ ಮಕ್ಕಳೇ ತಾನೇ.

ಅಂಕ ಕೊಡಬೇಕಾದರೆ ವರದಿಗೆ ಕೊಡಿ, ಮಾಡಿದ ಆಯ್ಕೆಗೆ ಬೇಡ. ವರದಿಯನ್ನು ಎಲ್ಲಿಂದಲೋ ಇಳಿಸಿಕೊಂಡು ಬಂದಾರು ಎಂಬ ಅನುಮಾನವೇ? ‘ಅಲ್ಲಿ ಗೋಡೆ ಮೇಲೆ ಏನು ಬರೆದಿತ್ತು? ಊಟ ಎಷ್ಟು ಗಂಟೆಗೆ?’ ಎಂದು ಕೇಳಿ. ಹೋಗಿ ಬಂದವರು ಥಟ್ಟನೆ ಹೇಳುತ್ತಾರೆ.

ನೀವು ಹೊರಗಿನ ಕೆಲಸ ನೋಡಿಲ್ಲ ಎಂದು ಸಂಕೋಚಪಡಬೇಡಿ. ಮಕ್ಕಳ ಜೊತೆ ನೀವೂ ಹೋಗಿ, ನೀವೂ ಕೇಳಿ. ಸೆಮಿಸ್ಟರ್ ಮುಗಿದಾಗಲೂ ಕೆಲವರು ‘ಸಾಫ್ಟ್‌ವೇರೇ ಬೇಕು’ ಅನ್ನಬಹುದು. ಅನ್ನಲಿ ಬಿಡಿ. ಆಗ ಅದು ಅವರದೇ ಮಾತಾಗಿರುತ್ತದೆ.

ಪ್ರಶ್ನೆ: ಮಗ ಮೆಕ್ಯಾನಿಕಲ್ ಐದನೇ ಸೆಮಿಸ್ಟರ್. ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಗೆ ಓದುತ್ತೇನೆ ಅನ್ನುತ್ತಾನೆ, ಆದರೆ ಎಂ.ಟೆಕ್ ಮಾಡುವ ಮನಸ್ಸಿಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?
– ಒಬ್ಬ ತಂದೆ, ಚಿತ್ರದುರ್ಗ

ಉತ್ತರ: ದಂಡ ಅಲ್ಲ. ಎನ್‌ಟಿಪಿಸಿ, ಪವರ್ ಗ್ರಿಡ್‌ನಂಥ ಸರ್ಕಾರಿ ಉದ್ಯಮಗಳು ಗೇಟ್ ಅಂಕ ನೋಡಿ ಇಂಜಿನಿಯರ್‌ಗಳನ್ನು ತೆಗೆದುಕೊಳ್ಳುತ್ತವೆ. ಸ್ಕೋರ್‌ಗೆ 3 ವರ್ಷ ಮಾನ್ಯತೆ ಇದ್ದರೂ, ಕೆಲಸಕ್ಕೆ ಯಾವ ವರ್ಷದ್ದು ಬೇಕು ಎಂಬುದನ್ನು ಆಯಾ ಜಾಹೀರಾತಿನಲ್ಲೇ ನೋಡಬೇಕು. ದುಬಾರಿ ಕೋಚಿಂಗ್‌ಗೆ ಸೇರಿಸುವ ಮೊದಲು ಹಳೇ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲಿ, ಅವು ಪುಕ್ಕಟೆ ಸಿಗುತ್ತವೆ. ಜೊತೆಗೆ ಅಪ್ರೆಂಟಿಸ್ ತರಬೇತಿಯ ದಾರಿಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ಒಂದು ವರ್ಷ ಕೆಲಸ ಕಲಿಸುತ್ತಾರೆ. ಎಚ್‌ಎಎಲ್, ಬಿಇಎಲ್ ಕೂಡ ತೆಗೆದುಕೊಳ್ಳುತ್ತವೆ. ಕಾಯಂ ಕೆಲಸದ ಭರವಸೆ ಅದರಲ್ಲಿಲ್ಲ, ಅದನ್ನು ತಿಳಿದೇ ಸೇರಲಿ.